‘ಹೋಗಬೇಡಿ’ ಎನ್ನದ ಚೀಟಿ

ಮೊನ್ನೆ ನಮ್ಮ ಹವಾಮಾನ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ತರುಣರು ನನ್ನನ್ನು ನೋಡಲು ಬಂದಿದ್ದರು. ಒಬ್ಬ ಧಾರವಾಡದ ಕಡೆಯವನು, ಇನ್ನೊಬ್ಬ ಸಾತಾರೆಯವನು. ಚಹಾ ಕುಡಿಯುತ್ತ ಧಾರವಾಡದವನು ಕೇಳಿದ: “ಅಜ್ಜಾರ, ನಿಮ್ಮ ಕಾಲದಾಗ ಸಣ್ಣ ವಿಮಾನ ಭಾಳ ಬೀಳತಿದ್ದುವಂತ. ಹವಾ ಅಷ್ಟು ಕೆಟ್ಟ ಇತ್ತೇನ್ರಿ?”

ನನಗೆ ಸಿಟ್ಟು ಬಂತು. ಆ ಹುಡುಗನ ಮೇಲಲ್ಲ. ಅವನಿಗೆ ಹಾಗೆ ಕಲಿಸಿದವರ ಮೇಲೆ. ಜೂನ್ ತಿಂಗಳಲ್ಲಿ ಸಹ್ಯಾದ್ರಿಯ ಮೇಲೆ ಮೋಡ ಕೂಡುವುದು ಹವೆಯ ದೋಷವಲ್ಲ. ಅದು ಕೂಡುತ್ತದೆ ಎಂದು ತಿಳಿದವರು ಬಾಯಿ ಬಿಡದಿದ್ದರೆ, ತಿಳಿಯದವನು ಅದರೊಳಗೆ ಹೊಕ್ಕರೆ, ದೋಷ ಯಾರದು? ಅಂದು ಅವರಿಗೆ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ವಿಷಯ ಇದರಲ್ಲಿಲ್ಲ. ಹೇಳಿಕೊಳ್ಳುವಂಥ ಬಡ್ತಿಗಳು ನನಗೆ ಸಿಗಲೂ ಇಲ್ಲ.

ನಾನು ಗದಗಿನವನು. ಹೆಸರು ಅನಂತ ಹೊಂಬಳ. ಪುಣೆಯವರ ಬಾಯಲ್ಲಿ ಮೊದಲ ವಾರವೇ ‘ಹೊಂಬಳಕರ್’ ಆದೆ. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ನನ್ನನ್ನು ಪುಣೆಯ ಹೊರಗಿನ ವಿಮಾನ ಮೈದಾನಕ್ಕೆ ವೀಕ್ಷಕನೆಂದು ಹಾಕಿದರು. ತಗಡಿನ ಒಂದು ಕೋಣೆ, ಗೋಡೆಗೆ ವಾಯುಭಾರಮಾಪಕ, ಹೊರಗೆ ಗಾಳಿಯ ದಿಕ್ಕು ತೋರಿಸುವ ಕೋಳಿ, ಒಂದು ಟೆಲಿಫೋನು. ಬೆಳಗಾಗುವ ಹೊತ್ತಿಗೆ ಶನಿವಾರ ಪೇಠೆಯಿಂದ ಸೈಕಲ್ಲು ತುಳಿದುಕೊಂಡು ಹೋಗಿ, ಒಂದು ರಬ್ಬರಿನ ಬಲೂನಿಗೆ ಜಲಜನಕ ತುಂಬಿ ಬಿಡುತ್ತಿದ್ದೆ. ಅದು ಏರುವುದನ್ನು ಮುಕ್ಕಾಲಿಯ ಮೇಲಿನ ದುರ್ಬೀನಿನಲ್ಲಿ ಹಿಡಿದು, ನಿಮಿಷಕ್ಕೊಮ್ಮೆ ಕೋನ ಬರೆದುಕೊಂಡು, ಮೇಲಿನ ಗಾಳಿಯ ಲೆಕ್ಕ ಹಾಕುತ್ತಿದ್ದೆ. ಬಲೂನು ಎಷ್ಟನೆಯ ನಿಮಿಷಕ್ಕೆ ಮೋಡದಲ್ಲಿ ಮುಳುಗಿತು ಎಂಬುದರಿಂದ ಮೋಡದ ಎತ್ತರ ತಿಳಿಯುತ್ತಿತ್ತು. ಊರೊಳಗಿನ ದೊಡ್ಡ ಕಚೇರಿಯಿಂದ ಫೋನಿನಲ್ಲಿ ಮುನ್ಸೂಚನೆ ಬರುತ್ತಿತ್ತು. ಅದನ್ನು ನಾನು ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಹಾರುವವನ ಕೈಗೆ ಕೊಡಬೇಕು. ಅದರ ಕಾರ್ಬನ್ ಪ್ರತಿ ನನ್ನ ಬಳಿ ಉಳಿಯಬೇಕು. ನಿಯಮದ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಹಾರುವವರು ಯಾರು? ಅಲ್ಲಿಯ ಕ್ಲಬ್ಬಿನ ಸದಸ್ಯರು. ವಕೀಲರು, ಹಲ್ಲಿನ ಡಾಕ್ಟರು, ಗಿರಣಿ ಮಾಲಕರ ಮಕ್ಕಳು, ಸಣ್ಣ ಸಂಸ್ಥಾನಿಕರ ಅಳಿಯಂದಿರು. ತಲೆ ಹೊರಗೆ ಬಿಟ್ಟು ಕೂರುವ, ಬಟ್ಟೆ ಬಿಗಿದ ರೆಕ್ಕೆಯ ಎರಡು ಸೀಟಿನ ವಿಮಾನಗಳು. ಮೂವತ್ತು-ನಲವತ್ತು ತಾಸು ಹಾರಿದರೆ ತಾವು ಪೈಲಟರಾದೆವೆಂದು ಅವರ ಎಣಿಕೆ. ಆ ತಾಸುಗಳೆಲ್ಲ ದೀಪಾವಳಿಯಿಂದ ಹೋಳಿಹುಣ್ಣಿಮೆಯವರೆಗಿನ ನಿರ್ಮಲ ಆಕಾಶದಲ್ಲಿ ಕಳೆದವು. ಮಳೆಗಾಲದಲ್ಲಿ ಕ್ಲಬ್ಬಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತಿತ್ತು. ಹೀಗಾಗಿ ಮೋಡವನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಏರುವುದು, ತಿರುಗುವುದು, ಇಳಿಯುವುದು ಕಲಿಸಿದ್ದರು. ಹೊರಟವನು ಮನಸ್ಸು ಬದಲಿಸಿ ಮರಳುವುದನ್ನು ಕಲಿಸಿರಲಿಲ್ಲ. ಕಲಿಸುವವನು ಸೈನ್ಯದಿಂದ ನಿವೃತ್ತನಾದ ಒಬ್ಬ ಇಂಗ್ಲಿಷಿನವನು. ಎಲ್ಲರೂ ‘ಕ್ಯಾಪ್ಟನ್’ ಎನ್ನುತ್ತಿದ್ದರು. ಅವನ ನಿಘಂಟಿನಲ್ಲಿ ತಿರುಗಿ ಬರುವುದಕ್ಕೆ ಒಂದೇ ಅರ್ಥವಿತ್ತು: ಪುಕ್ಕಲುತನ.

ಪುಣೆಯಿಂದ ಮುಂಬಯಿಗೆ ಹಾರುವ ಹಾದಿಯ ಗುಟ್ಟು ಒಂದೇ. ಪುಣೆಯ ಮೇಲೆ ಮೋಡ ಸಾಕಷ್ಟು ಎತ್ತರದಲ್ಲಿರುತ್ತದೆ, ಕೆಳಗೆ ಬೇಕಾದಷ್ಟು ಬಯಲು. ಪಶ್ಚಿಮಕ್ಕೆ ಹೋದಂತೆ ಮೋಡ ಇಳಿಯಿತು ಎಂದು ಹೊಸಬನಿಗೆ ಅನಿಸುತ್ತದೆ. ಮೋಡ ಇದ್ದಲ್ಲೇ ಇದೆ, ನೆಲ ಏರುತ್ತಿದೆ. ಲೋಣಾವಳಾ ಹತ್ತಿರ ಬರುವಷ್ಟರಲ್ಲಿ ಅವೆರಡರ ನಡುವೆ ಒಂದು ಬಿರುಕಷ್ಟೇ ಉಳಿದಿರುತ್ತದೆ. ಅದರ ಆಚೆ ಕೊಂಕಣದ ಬೆಳಕು ಕಾಣುತ್ತದೆ. ಆ ಬೆಳಕು ಕಂಡವನು ನುಗ್ಗುತ್ತಾನೆ. ಬಿರುಕು ಮುಚ್ಚುತ್ತದೆ. ಮೋಡದೊಳಗೆ ದಿಗಂತ ಕಾಣದಿದ್ದರೆ, ಅದಕ್ಕೆ ಬೇಕಾದ ಯಂತ್ರವೂ ಅಭ್ಯಾಸವೂ ಇಲ್ಲದವನಿಗೆ ಒಂದೆರಡು ನಿಮಿಷದಲ್ಲೇ ಮೇಲು ಯಾವುದು, ಕೆಳಗು ಯಾವುದು ತಿಳಿಯದಾಗುತ್ತದೆ.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯ ವರ್ಷ, ಮೇ ತಿಂಗಳ ಕೊನೆಯಲ್ಲಿ, ಒಬ್ಬ ವಕೀಲರು ನಾಶಿಕಕ್ಕೆ ಹೊರಟರು. ಬೆಳಿಗ್ಗೆ ಬರೆದಿಟ್ಟ ಚೀಟಿಯನ್ನೇ ಊಟದ ಹೊತ್ತಿಗೆ ಅವರ ಕೈಗಿಟ್ಟೆ; ಹೊರಗೆ ಬಂದು ಆಕಾಶ ನೋಡಲಿಲ್ಲ. ಅರ್ಧ ತಾಸಿನಲ್ಲಿ ಸಿಡಿಲಿನ ಮೋಡ ಎದ್ದು, ಅವರು ಚಾಕಣದ ಕೋಟೆಯಾಚೆ ಕೊಯ್ಲು ಮುಗಿದ ಹೊಲದಲ್ಲಿ ಇಳಿದರು. ಒಂದು ಚಕ್ರ ಮುರಿಯಿತು, ಅವರ ಹಣೆ ಒಡೆಯಿತು. ಮರುದಿನ ನಾನು ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕರು: “ಅಹೋ, ಪತ್ರಿಕೆಯಲ್ಲಿ ನನ್ನ ಧೈರ್ಯದ ವಿಷಯ ಬಂದಿದೆ, ನೀವು ಯಾಕೆ ಕೆಡಿಸುತ್ತೀರಿ?” ಅವರು ನಕ್ಕರೆಂದು ನನ್ನ ತಪ್ಪು ಮಾಫಿ ಆಗಲಿಲ್ಲ. ಅಂದಿನಿಂದ ಬೆಳಗಿನ ಹವೆಯನ್ನು ಮಧ್ಯಾಹ್ನ ಯಾರಿಗೂ ಕೊಟ್ಟವನಲ್ಲ.

ಆ ಹೆದರಿಕೆಯಿಂದಲೇ ಖಂಡಾಳೆಯ ಏರ್ಪಾಡು ಹುಟ್ಟಿತು. ಘಾಟಿನ ನೆತ್ತಿಯ ಮೇಲೆ ನಮಗೆ ಯಾವ ವೀಕ್ಷಕನೂ ಇರಲಿಲ್ಲ. ಆದರೆ ಅಲ್ಲೇ ಇದ್ದ ಖಂಡಾಳೆ ರೈಲು ಸ್ಟೇಷನ್ನಿನಲ್ಲಿ ತಂತಿಯ ಗುಮಾಸ್ತ ಭೀಮರಾವ ಕಟ್ಟಿ ಇದ್ದ. ಬೆಳಗಾವಿಯವನು, ಪುಣೆಯ ಖಾನಾವಳಿಯೊಂದರಲ್ಲಿ ಒಂದು ವರ್ಷ ನನ್ನ ಪಕ್ಕದ ಮಣೆಯ ಮೇಲೆ ಕುಳಿತು ಉಂಡವನು. ಅವನ ಪ್ಲಾಟ್‌ಫಾರ್ಮಿನಿಂದ ನೋಡಿದರೆ ಕಣಿವೆಯಾಚೆ ನಾಗಫಣಿ ಎಂಬ ಚೂಪು ಬಂಡೆ ಕಾಣುತ್ತದೆ. ಅದು ಕಂಡರೆ ಹಾದಿ ತೆರೆದಿದೆ, ಕಾಣದಿದ್ದರೆ ಮುಚ್ಚಿದೆ. ನಾನು ಕೇಳಿದಾಗಲೆಲ್ಲ ಅವನು ಪುಣೆ ಸ್ಟೇಷನ್ನಿಗೆ ತಂತಿಯಲ್ಲಿ ಒಂದು ಮಾತು ಕಳಿಸುವನು. ಅಲ್ಲಿಯ ಗೆಳೆಯನೊಬ್ಬ ಅದನ್ನು ನನಗೆ ಫೋನಿನಲ್ಲಿ ಹೇಳುವನು. ‘ಕಾಣತದ’ ಇಲ್ಲವೆ ‘ಕಾಣಂಗಿಲ್ಲ’. ಎರಡು ವರ್ಷದಲ್ಲಿ ಕಟ್ಟಿಯ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ. ಚೀಟಿಯ ಕೆಳಗೆ ನಾನು ಅದನ್ನು ಒಂದು ಸಾಲಿನಲ್ಲಿ ಬರೆಯತೊಡಗಿದೆ.

ನನ್ನ ಮೇಲಧಿಕಾರಿ ಕರ್ಣಿಕ ಸಾಹೇಬರ ಕಣ್ಣಿಗೆ ಅದು ಬಿತ್ತು. ಓದಿದವರು, ವಿಲಾಯತಿಗೆ ಹೋಗಿ ಬಂದವರು, ಕೆಟ್ಟ ಮನುಷ್ಯರಲ್ಲ. ಆದರೆ ತಮ್ಮ ಮುನ್ಸೂಚನೆ ತಪ್ಪಾಯಿತು ಎನಿಸಿಕೊಳ್ಳಲು ಸಾವಿಗೆ ಹೆದರುವಂತೆ ಹೆದರುವವರು. ಹೀಗಾಗಿ ಅವರ ವಾಕ್ಯಗಳಲ್ಲೆಲ್ಲ ‘ಸಂಭವವಿದೆ’, ‘ಕೆಲವೆಡೆ’, ‘ಆಗಬಹುದು’.

“ಹೊಂಬಳಕರ್, ರೈಲ್ವೆ ಗುಮಾಸ್ತ ಯಾವತ್ತಿನಿಂದ ಹವಾಮಾನ ತಜ್ಞನಾದ?” ಎಂದು ಮರಾಠಿಯಲ್ಲಿ ಕೇಳಿದರು. “ಅವನ ಹತ್ತಿರ ಯಾವ ಯಂತ್ರ ಇದೆ?”

“ಕಣ್ಣಿವೆ, ಸಾಹೇಬ,” ಎಂದೆ.

“ಕಣ್ಣು ನಮ್ಮ ಪಟ್ಟಿಯಲ್ಲಿಲ್ಲ. ಇನ್ನು ಮುಂದೆ ಅದನ್ನು ಬರೆಯಬಾರದು, ಹೇಳಲೂಬಾರದು.”

ಈಗ ಚನ್ನಬಸಪ್ಪನ ವಿಷಯ. ರಬಕವಿಯ ಕಡೆಯಿಂದ ಬಂದು ರವಿವಾರ ಪೇಠೆಯಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದ ಮನೆತನದ ಒಬ್ಬನೇ ಮಗ. ಇಪ್ಪತ್ತನಾಲ್ಕು ವರ್ಷ. ಕ್ಲಬ್ಬಿನಲ್ಲಿ ಇಂಗ್ಲಿಷು ಆಡುವವರ ನಡುವೆ ಸ್ವಲ್ಪ ಕುಗ್ಗುತ್ತಿದ್ದ. ನನ್ನ ಕೋಣೆಗೆ ಬಂದರೆ ಅರಳುತ್ತಿದ್ದ. “ಮಾಸ್ತರ, ಒಂದೆರಡು ಮಾತು ಕನ್ನಡದಾಗ ಆಡಿ ಹೋಗೂಣಂತ ಬಂದೇನ್ರಿ” ಎನ್ನುವನು. ಬಲೂನು ಬಿಡುವಾಗ ದಾರ ಹಿಡಿಯುವನು. ಅವನು ನನಗೆ ಪ್ರೀತಿಯವನಾಗಿದ್ದ. ಅದನ್ನು ಮುಚ್ಚಿಟ್ಟು ಬರೆದರೆ ಈ ಬರಹವೇ ಸುಳ್ಳಾಗುತ್ತದೆ.

ಜೂನ್ ತಿಂಗಳ ಮೊದಲ ವಾರ. ಮಳೆಗಾಲ ಕೊಂಕಣದ ಹೊಸ್ತಿಲಿಗೆ ಬಂದು ನಿಂತಿತ್ತು. ಅವನ ಅಕ್ಕ ಮುಂಬಯಿಯಲ್ಲಿ ಹಡೆದಿದ್ದಳು. ತಾಯಿಯನ್ನು ವಿಮಾನದಲ್ಲೇ ಮಗಳ ಮನೆಗೆ ಮುಟ್ಟಿಸುತ್ತೇನೆಂದು ಅವನ ಹಟ. ಬೆಳಿಗ್ಗೆ ಪುಣೆಯ ಆಕಾಶ ಹೊಳೆಯುತ್ತಿತ್ತು. ಹಡಪಸರದ ಕಬ್ಬಿನ ಹೊಲಗಳ ಮೇಲಿನಿಂದ ಸೂರ್ಯ ಎದ್ದು ಬಂದದ್ದನ್ನು ನೋಡಿದ ಯಾರೂ ಆ ದಿನವನ್ನು ಕೆಟ್ಟದ್ದೆನ್ನುತ್ತಿರಲಿಲ್ಲ. ಅಂದೇ ಕರ್ಣಿಕ ಸಾಹೇಬರು ತಪಾಸಣೆಗೆಂದು ನನ್ನ ಕೋಣೆಗೆ ಬಂದು ಕುಳಿತಿದ್ದರು.

ಒಂಬತ್ತರ ಸುಮಾರಿಗೆ ಪುಣೆ ಸ್ಟೇಷನ್ನಿನಿಂದ ಫೋನು ಬಂತು. “ಕಟ್ಟಿಯವರದು. ಕಾಣಂಗಿಲ್ಲ. ಸ್ಟೇಷನ್ನಿನ ಸಿಗ್ನಲ್ ಕೈಮರಾನೂ ಕಾಣವಲ್ದಂತ.”

ಕಾರ್ಬನ್ ಪ್ರತಿಯ ಅಂಚಿನಲ್ಲಿ ಅದನ್ನು ಪೆನ್ಸಿಲ್ಲಿನಿಂದ ಬರೆದು ಸಾಹೇಬರಿಗೆ ತೋರಿಸಿದೆ. ಅವರು ನೋಡಿದರು, ಕನ್ನಡಕ ಒರೆಸಿಕೊಂಡರು. “ಮುನ್ಸೂಚನೆಯಲ್ಲಿ ಇದ್ದದ್ದಷ್ಟು ಕೊಡಿ.”

ಚೀಟಿಯಲ್ಲಿ ಇದ್ದದ್ದು ಇಷ್ಟು: ಘಾಟಿನ ಮೇಲೆ ಮೋಡ ಕವಿಯುವ ಸಂಭವವಿದೆ, ಕೆಲವೆಡೆ ಗೋಚರತೆ ಕಡಿಮೆಯಾಗಬಹುದು. ಚೀಟಿಗೆಂದು ಒಳಗೆ ಬಂದ ಚನ್ನಬಸಪ್ಪ ಅದನ್ನು ಓದಿ, ತಲೆಯೆತ್ತಿ ನನ್ನನ್ನು ನೋಡಿದ.

“ಅಂದ್ರ ಹೋಗಬಹುದಲ್ರಿ, ಮಾಸ್ತರ?”

ಸಾಹೇಬರು ನನ್ನ ಬೆನ್ನ ಹಿಂದೆ ಇದ್ದರು. ಅವರಿಗೆ ಕನ್ನಡ ಬಾರದು, ಆದರೆ ಖಂಡಾಳೆಯ ಹೆಸರು ತಿಳಿಯುತ್ತದೆ, ನಾಗಫಣಿಯ ಹೆಸರು ತಿಳಿಯುತ್ತದೆ. ನಾನು ಹೇಳಿದೆ: “ಘಾಟಿನ ತನಕಾ ಹೋಗಿ ನೋಡ್ರಿ. ಸರಿ ಕಾಣಲಿಲ್ಲಂದ್ರ ತಿರಗ್ರಿ.”

ಬಾಗಿಲಲ್ಲಿ ನಿಂತಿದ್ದ ಕ್ಯಾಪ್ಟನ್, ಹವೆ ಎಂಬುದು ಹೋಗಿ ನೋಡಬೇಕಾದದ್ದು, ಕಾಗದದಲ್ಲಿ ಓದಬೇಕಾದದ್ದಲ್ಲ ಎಂಬಂತೆ ಏನೋ ಅಂದು ಅವನ ಬೆನ್ನು ತಟ್ಟಿದ. ಇಬ್ಬರೂ ವಿಮಾನದ ಕಡೆ ಹೋದರು. ಸಾಹೇಬರು ಒಳಗೆ ನನ್ನ ಪುಸ್ತಕಗಳನ್ನು ತಿರುವುತ್ತ ಉಳಿದರು.

ಹೊರಗೆ ಬಂದೆ. ಬೇವಿನ ನೆರಳಿನ ಬಾಕಿನ ಮೇಲೆ ಅವನ ತಾಯಿ ನೀಲವ್ವ ಕುಳಿತಿದ್ದರು. ಇಳಕಲ್ ಸೀರೆ, ಹಣೆಗೆ ವಿಭೂತಿ, ತೊಡೆಯ ಮೇಲೆ ಒಂದು ಗಂಟು. ಅದರಲ್ಲಿ ಬಾಣಂತಿಗೆ ಅಂಟಿನ ಉಂಡಿ, ಕೂಸಿಗೆ ತಾವೇ ಹೊಲಿದ ಕುಂಚಿಗೆ.

“ಸಾಹೇಬ್ರ, ಮಳಿ ಐತೇನ್ರಿ ಹಾದ್ಯಾಗ?” ಎಂದರು.

“ನಾ ಸಾಹೇಬ ಅಲ್ರಿ ಅವ್ವ. ಗದಗಿನಾಂವ.”

“ಹಂಗಾರ ಖರೇ ಹೇಳು, ತಮ್ಮಾ.”

ಅಷ್ಟು ಸರಳವಾಗಿ ನನ್ನನ್ನು ಆ ಮೈದಾನದಲ್ಲಿ ಯಾರೂ ಕೇಳಿರಲಿಲ್ಲ. “ಅವ್ವಾ, ಘಾಟ ಪೂರಾ ಮುಚ್ಚೇದ. ಖಂಡಾಳ್ಯಾಗ ಹತ್ತು ಮಾರು ದೂರದ್ದು ಕಾಣವಲ್ದು. ನೀವು ಹತ್ತಬ್ಯಾಡ್ರಿ. ರೈಲಿನಾಗ ಹೋಗ್ರಿ,” ಎಂದೆ.

ಆಕೆ ಎದ್ದು ನೇರ ವಿಮಾನದ ಕಡೆಗೆ ನಡೆದರು. ತಾಯಿ ಹತ್ತಲು ಬಂದರೆಂದು ಎಣಿಸಿ ಮಗ ಗಂಟನ್ನು ಇಸಿದುಕೊಂಡು ಮುಂದಿನ ಸೀಟಿನಲ್ಲಿ ಇಟ್ಟ. “ಚನ್ನಪ್ಪಾ, ನಾ ಒಲ್ಲೆ. ನೀನೂ ಬ್ಯಾಡ. ಘಾಟ ಮುಚ್ಚೇತಂತ.”

“ಯಾರಂದ್ರು ನಿನಗ?”

ಆಕೆ ನನ್ನತ್ತ ಕೈ ಮಾಡಿದರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೆ. ಚನ್ನಬಸಪ್ಪ ನನ್ನನ್ನು ನೋಡಿದ. ಆಗಲಾದರೂ ಓಡಿ ಹೋಗಿ, ಕೂಗಿ, ರೆಕ್ಕೆ ಹಿಡಿದು ನಿಲ್ಲಬಹುದಿತ್ತು. ಕಿಟಕಿಯಲ್ಲಿ ಸಾಹೇಬರ ಮುಖ ಕಾಣುತ್ತಿತ್ತು. ನಾನು ಬೇಡವೆಂಬಂತೆ ತಲೆಯನ್ನಷ್ಟೇ ಅಲ್ಲಾಡಿಸಿದೆ. ಅಷ್ಟರಲ್ಲಿ ಕ್ಯಾಪ್ಟನ್ ವಿಷಯ ಏನೆಂದು ಕೇಳಿ ತಿಳಿದು, ಈ ವಿಮಾನ ನಡೆಸುವವರು ತಾಯಿಯೋ ಮಗನೋ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿದ. ಸುತ್ತಲಿದ್ದ ಮೂರು-ನಾಲ್ಕು ಸದಸ್ಯರು ನಕ್ಕರು. ಆ ಹುಡುಗನ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರಕ್ಕೂ ಕಂಡಿತು.

“ಒಂದು ತಾಸಿನಾಗ ಮುಟ್ಟತೇನಿ, ಯವ್ವಾ. ನೀ ರೈಲಿಗೆ ಬಾ. ಅಕ್ಕನ ಮನ್ಯಾಗ ನಿನಕಿಂತಾ ಮುಂಚೆ ನಾನಽ ಇರತೇನಿ.”

ಅವನು ಹೋದ.

ಹತ್ತೂ ಕಾಲಿಗೆ ಕಟ್ಟಿಯ ಮಾತು ಬಂತು. ಮೋಡದೊಳಗೆ ಇಂಜಿನ್ನಿನ ಸಪ್ಪಳ ಎರಡು ಸಲ ಸ್ಟೇಷನ್ನಿನ ಮೇಲೆ ಸುತ್ತು ಹಾಕಿತು, ಆಮೇಲೆ ಕೇಳಲಿಲ್ಲ. ಚನ್ನಬಸಪ್ಪ ತಿರುಗಲು ನೋಡಿದ್ದ. ಬರುವಾಗ ತೆರೆದಿದ್ದ ಹಿಂದಿನ ಹಾದಿಯೂ ಮುಚ್ಚಿಕೊಂಡಿತ್ತು. ಮೂರನೆಯ ದಿನ ಸೌದೆಗೆಂದು ಕಣಿವೆಗಿಳಿದ ಕಾಡಿನ ಜನ ವಿಮಾನವನ್ನು ಕಂಡರು. ಅವನ ದೇಹವನ್ನು ಕಂಬಳಿಯಲ್ಲಿ ಕಟ್ಟಿ ಬಂಡೆ ಹತ್ತಿಸಿ ತಂದವರು ಅವರೇ. ವರದಿಯಲ್ಲಿ ಅವರ ಹೆಸರೂ ಇಲ್ಲ.

ಹದಿನೈದು ದಿನಕ್ಕೆ ವಿಚಾರಣೆ ನಡೆಯಿತು. ಮುಂಬಯಿಯಿಂದ ಒಬ್ಬ ಇಂಗ್ಲಿಷ್ ಅಧಿಕಾರಿ ಬಂದಿದ್ದ. ಹಿಂದಿನ ದಿನ ಕರ್ಣಿಕ ಸಾಹೇಬರು ಚೀಟಿಯ ಕಾರ್ಬನ್ ಪ್ರತಿಯನ್ನು ‘ನೋಡಲು’ ತರಿಸಿಕೊಂಡರು. ವಿಚಾರಣೆಗೆ ಬಂದದ್ದು ಬೇರೆ ಪ್ರತಿ, ಸ್ವಚ್ಛವಾಗಿ ಟೈಪು ಮಾಡಿದ್ದು, ಅಂಚು ಬೆಳ್ಳಗಿತ್ತು. ಖಂಡಾಳೆಯ ಮಾತನ್ನು ನಾನು ಬಾಯಿಂದ ಹೇಳಿದೆ. ಬರಹದಲ್ಲಿ ಇದೆಯೇ ಎಂದು ಅಧಿಕಾರಿ ಕೇಳಿದ. ಬರೆದದ್ದು ಸಾಹೇಬರ ಹತ್ತಿರ ಇದೆ ಎಂದೆ. ಸಾಹೇಬರು ತಮಗೆ ನೆನಪಿಲ್ಲ ಎಂದರು. ನನ್ನ ಜೀವಮಾನದಲ್ಲಿ ಒಬ್ಬ ಮನುಷ್ಯನ ಮುಖಕ್ಕೆ ಹೊಡೆಯಬೇಕೆನ್ನಿಸಿದ್ದು ಅದೊಂದೇ ಸಲ.

ಆಮೇಲೆ ನೀಲವ್ವ ಬಂದರು. ಆಕೆಗೆ ಮರಾಠಿ ಸಂತೆಗೆ ಸಾಲುವಷ್ಟು, ಇಂಗ್ಲಿಷು ಇಲ್ಲವೇ ಇಲ್ಲ. ಆ ಕೋಣೆಯಲ್ಲಿ ಕನ್ನಡವೂ ಇಂಗ್ಲಿಷೂ ಎರಡೂ ಬಲ್ಲವನು ನಾನೊಬ್ಬನೇ. ಅಧಿಕಾರಿ ನನ್ನನ್ನೇ ದುಭಾಷಿಯಾಗಲು ಹೇಳಿದ. ಕರ್ಣಿಕ ಸಾಹೇಬರು ಆಕ್ಷೇಪಿಸಿದರು: ಇವನು ತನಗೆ ಬೇಕಾದಂತೆ ಅನುವಾದಿಸುತ್ತಾನೆ. ಬೇರೆ ಯಾರೂ ಸಿಗಲಿಲ್ಲ.

ಆಕೆ ನಿಂತುಕೊಂಡೇ ಹೇಳಿದರು. ಘಾಟ ಮುಚ್ಚಿದೆ ಎಂದು ತಮಗೆ ತಿಳಿಸಿದವರು ಯಾರು, ಮಗನಿಗೆ ತಾವು ಏನೆಂದರು, ಆ ಗೋರಾ ಮನುಷ್ಯ ಏನೋ ಅಂದದ್ದಕ್ಕೆ ಎಲ್ಲರೂ ಹೇಗೆ ನಕ್ಕರು. ಒಂದೊಂದು ಮಾತನ್ನೂ ಇಂಗ್ಲಿಷಿಗೆ ತಂದೆ. ಕ್ಯಾಪ್ಟನ್ ಕಿಟಕಿಯ ಕಡೆ ನೋಡುತ್ತಿದ್ದ. ನನಗೆ ಒಳಗೊಳಗೇ ಧೈರ್ಯ ಬರುತ್ತಿತ್ತು. ಆಗ ಆಕೆ ನನ್ನ ಕಡೆ ತಿರುಗಿದರು.

“ಇದನ್ನೂ ಹೇಳು, ತಮ್ಮಾ. ನನಗ ಪೂರಾ ಖರೇ ಹೇಳಿದಿ. ನನ್ನ ಮಗಗ ಅರ್ಧಾ ಹೇಳಿದಿ. ನಾ ಮುದುಕಿ, ಉಳದೆ. ಅಂವಗ ಯಾಕ ಪೂರಾ ಹೇಳಲಿಲ್ಲ?”

ಆ ಮಾತನ್ನು ಬಿಟ್ಟಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಅಧಿಕಾರಿ, ಆಕೆ ಏನೆಂದಳು ಎಂದು ಕೇಳಿದ. ಇದ್ದಂತೆ ಹೇಳಿದೆ. ಅದಕ್ಕೆ ನಿನ್ನ ಉತ್ತರವೇನು ಎಂದ. “ಅಂದು ನನಗೆ ನೌಕರಿಯ ಹೆದರಿಕೆ ಇತ್ತು,” ಎಂದೆ. ಅದೇ ಮಾತನ್ನು ನೀಲವ್ವನಿಗೆ ಕನ್ನಡದಲ್ಲಿ ಹೇಳಿದೆ. ಆಕೆ ಸೆರಗು ಹೊದ್ದುಕೊಂಡು ಹೊರಗೆ ನಡೆದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ವರದಿ ಬಂತು. ಅಪಘಾತಕ್ಕೆ ಕಾರಣ ಪೈಲಟನ ಅನುಭವದ ಕೊರತೆ. ತಾಯಿಯ ಹೇಳಿಕೆ ದುಃಖದಲ್ಲಿ ಆಡಿದ್ದು, ತಾಂತ್ರಿಕವಾಗಿ ಅದಕ್ಕೆ ಬೆಲೆಯಿಲ್ಲ. ವೀಕ್ಷಕನು ಅನಧಿಕೃತ ಮಾಹಿತಿಯನ್ನು ಪ್ರಯಾಣಿಕರಿಗೆ ಕೊಟ್ಟದ್ದು ತಪ್ಪು. ನೋಡಿ, ನಾನು ಹೇಳದೆ ಉಳಿದದ್ದಕ್ಕೆ ನನಗೆ ಶಿಕ್ಷೆಯಾಗಲಿಲ್ಲ; ಹೇಳಿ ಒಂದು ಜೀವ ಉಳಿಸಿದ್ದಕ್ಕೆ ಆಯಿತು! ಅನುಭವದ ಕೊರತೆಯಂತೆ. ಅನುಭವ ಇಲ್ಲದವನು ಅನುಭವ ಇದ್ದವರ ಬಾಗಿಲಿಗೆ ಬಂದು, ಕೈಯಲ್ಲಿ ಚೀಟಿ ಹಿಡಿದು, ಹೋಗಬಹುದೇ ಎಂದು ಕೇಳಿದ್ದ. ಅವನು ಇನ್ನೇನು ಮಾಡಬೇಕಿತ್ತು? ಆ ಮೈದಾನದಲ್ಲಿ ಅಂದು ಅನುಭವ ಬೇಕಾದಷ್ಟಿತ್ತು. ಕುರ್ಚಿಯ ಮೇಲೆ ಒಂದು ಕೂತಿತ್ತು, ಬಾಗಿಲಲ್ಲಿ ಒಂದು ನಗುತ್ತ ನಿಂತಿತ್ತು, ದುರ್ಬೀನಿನ ಹಿಂದೆ ಒಂದು ಬಾಯಿ ಮುಚ್ಚಿಕೊಂಡಿತ್ತು.

ನನ್ನನ್ನು ದೊಡ್ಡ ಕಚೇರಿಗೆ ಎಳೆದು, ಹಳೆಯ ಮಳೆಯ ದಾಖಲೆಗಳನ್ನು ನಕಲು ಮಾಡಲು ಕೂರಿಸಿದರು. ಕ್ಯಾಪ್ಟನ್ ತನ್ನ ಕೆಲಸದಲ್ಲೇ ಉಳಿದ. ಮರುವರ್ಷ ಖಂಡಾಳೆಯಲ್ಲಿ ಘಾಟಿನ ಗೋಚರತೆಯನ್ನು ಕಣ್ಣಿನಿಂದ ನೋಡಿ ವರದಿ ಕಳಿಸುವ ಹೊಸ ಪದ್ಧತಿ ಶುರುವಾಯಿತು. ಅದನ್ನು ಸೂಚಿಸಿದ ದೂರದೃಷ್ಟಿಗಾಗಿ ಕರ್ಣಿಕ ಸಾಹೇಬರಿಗೆ ಪ್ರಶಂಸೆಯ ಪತ್ರ ಬಂತು. ಸುದ್ದಿ ಕೇಳಿ ಕಟ್ಟಿ ನನಗೊಂದು ಕಾರ್ಡು ಬರೆದ: “ನನ್ನ ಕಣ್ಣು ಈಗ ಸರಕಾರಿ ಆದುವಂತ, ಹೌದೇನೋ?” ಅವನಿಗೆ ನಗು ಬಂದಿತ್ತು. ನನಗೆ ಇಂದಿಗೂ ಬಂದಿಲ್ಲ.

ಯುದ್ಧ ಶುರುವಾಗಿ ಜನ ಸಾಲದೆ ಹೋದಾಗ ನನ್ನನ್ನು ಮೈದಾನಕ್ಕೆ ಮರಳಿ ಕಳಿಸಿದರು. ಆ ಹೊತ್ತಿಗೆ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಚೀಟಿಯಲ್ಲಿ ಸಾಹೇಬರ ‘ಸಂಭವವಿದೆ’ ಇರಲಿ. ಅದನ್ನು ಕೊಡುವಾಗ, ಯಾರು ಎದುರಿಗಿದ್ದರೂ, ಕೇಳುವವನ ಭಾಷೆಯಲ್ಲಿ ‘ಹೋಗಬೇಡಿ’ ಎಂದೇ ಹೇಳುವೆ. ಎರಡು ಸಲ ಲಿಖಿತ ಎಚ್ಚರಿಕೆ ಬಂತು. ತೆಗೆದುಕೊಂಡೆ. ಕೆಲವರು ನನ್ನ ಮಾತು ಕೇಳಿ ಉಳಿದರು, ಕೆಲವರು ಬೈದು ಹೋಗಿ ಉಳಿದು ಬಂದರು. ಒಬ್ಬ ಬರಲಿಲ್ಲ. ಆದರೆ ಅವನಿಗೆ ನಾನು ಪೂರಾ ಹೇಳಿದ್ದೆ.

ಯುದ್ಧ ಮುಗಿದು ಕ್ಲಬ್ಬು ಮತ್ತೆ ತೆರೆದ ಮೇಲಿನ ಒಂದು ಬೆಳಿಗ್ಗೆ. ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಒಬ್ಬ ತರುಣಿ, ಹೊಸದಾಗಿ ಪರವಾನಗಿ ಪಡೆದವಳು, ಮುಂಬಯಿಗೆ ಹೊರಟಳು. ಆಗ ಹಾದಿ ತೆರೆದೇ ಇತ್ತು; ಹಾಗೆಯೇ ಹೇಳಿ ಕಳಿಸಿದೆ. ಮುಕ್ಕಾಲು ತಾಸಿಗೆ ಮರಳಿ ಬಂದು ಇಳಿದಳು. ಲೋಣಾವಳೆಯ ಈಚೆ ಮೋಡ ಬೆಟ್ಟಕ್ಕೆ ತಾಗತೊಡಗಿದ್ದನ್ನು ಕಂಡು ತಿರುಗಿದ್ದಳು. ಕ್ಲಬ್ಬಿನ ಜಗುಲಿಯಲ್ಲಿ ಕುಳಿತವರು ಚಪ್ಪಾಳೆ ತಟ್ಟಿ ಹಾಸ್ಯ ಮಾಡಿದರು. ಆಕೆ ನೇರ ನನ್ನ ಕೋಣೆಗೆ ಬಂದಳು. ವಿಮಾನಗಳ ಹೋಗು-ಬರುವಿಕೆಯ ದಾಖಲೆ ಪುಸ್ತಕವೂ ಆಗ ನನ್ನ ಬಳಿಯೇ ಇರುತ್ತಿತ್ತು.

“ಏನು ಬರೀತೀರಿ?” ಎಂದು ಮರಾಠಿಯಲ್ಲಿ ಕೇಳಿದಳು. “ಹೆದರಿ ಬಂದಳು ಅಂತಲೇ?”

ಪುಸ್ತಕ ತೆರೆದೆ. ಹೊರಟ ಹೊತ್ತಿಗೆ ಒಂದು ಅಂಕಣ, ಮುಟ್ಟಿದ ಹೊತ್ತಿಗೆ ಒಂದು, ಅಪಘಾತಕ್ಕೆ ಒಂದು. ಇಷ್ಟು ವರ್ಷ ದಿನವೂ ಬರೆದ ಪುಸ್ತಕದಲ್ಲಿ ತಿರುಗಿ ಬಂದವರಿಗೆ ಜಾಗವೇ ಇಲ್ಲದ್ದು ಅಂದು ನನ್ನ ಕಣ್ಣಿಗೆ ಬಿತ್ತು. ಅಡಿಪಟ್ಟಿ ತೆಗೆದುಕೊಂಡು, ಕೆಂಪು ಶಾಯಿಯಲ್ಲಿ ಒಂದು ಹೊಸ ಗೆರೆ ಎಳೆದೆ. ಮೇಲೆ ‘ಮರಳಿದವರು’ ಎಂದು ಬರೆದೆ, ಅದರ ಕೆಳಗೆ ಆಕೆಯ ಹೆಸರು. ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ, ಲೇಖನಿ ಕೊಟ್ಟೆ.

“ಸಹಿ ಮಾಡಿ, ಬಾಯಿಸಾಹೇಬರೇ,” ಎಂದೆ. “ಈ ಅಂಕಣದಲ್ಲಿ ನೀವೇ ಮೊದಲಿಗರು.”